ಆರೋ ಒಂಬತ್ತೋ

ಹೋದ ವರ್ಷ ಮಾಘ ಮಾಸದಲ್ಲಿ ನಾನೊಂದು ಉಪನಯನದ ಊಟಕ್ಕೆ ಮೂರು ದಿನ ಮೊದಲೇ ಹೋಗಿ ನಿಂತೆ. ನಮ್ಮ ಕಡೆ ಹತ್ತಿರದ ನೆಂಟರು ಕೆಲಸಕ್ಕೆ ಒದಗಲೆಂದು ಮುಂಚಿತವಾಗಿ ಹೋಗುವುದುಂಟು. ನಾನು ಅಷ್ಟು ಹತ್ತಿರದ ನೆಂಟನಲ್ಲ. ಕೆಲಸಕ್ಕೆ ಒದಗುವವನಂತೂ ಅಲ್ಲವೇ ಅಲ್ಲ. ಅವರ ಮನೆ ಶೃಂಗೇರಿ ದಾಟಿ ಕಿಗ್ಗದ ದಾರಿಯಲ್ಲಿದೆ. ಹರಿಹರಪುರದ ಹತ್ತಿರದ ನಮ್ಮ ಮನೆಯಿಂದ ಬಸ್ಸು ಬದಲಿಸಿಕೊಂಡು, ಮಡಿಕೆ ಮುರಿಯದ ಪಂಚೆ, ಶಲ್ಯ, ಜೇಬಿನಲ್ಲಿ ಮುಯ್ಯಿಯ ಕವರು ಸಮೇತ ಹನ್ನೆರಡೂವರೆಗೆ ಸರಿಯಾಗಿ ಅಂಗಳಕ್ಕೆ ಕಾಲಿಟ್ಟೆ. ಇಬ್ಬರು ಚಪ್ಪರಕ್ಕೆ ಅಡಿಕೆ ದಬ್ಬೆ ಕಟ್ಟುತ್ತಿದ್ದರು.

"ಎಂತ ಮಾರಾಯ್ರೆ, ಚಪ್ಪರ ಇನ್ನೂ ಆಗ್ಲಿಲ್ವಾ? ಎಲೆ ಹಾಕೋ ಹೊತ್ತಾಯ್ತಲ್ಲ" ಎಂದೆ. ಅವರಲ್ಲಿ ಹಿರಿಯವನು ಬಾಯಲ್ಲಿದ್ದ ಕವಳವನ್ನು ಕೆನ್ನೆಗೆ ದೂಡಿ ನನ್ನ ಶಲ್ಯವನ್ನು ಒಂದು ಸಲ ಉದ್ದಕ್ಕೂ ನೋಡಿದ. ಏನೂ ಹೇಳಲಿಲ್ಲ. ಅಷ್ಟರಲ್ಲಿ ಯಜಮಾನರೇ ಹೊರಗೆ ಬಂದರು. ಮಲೆನಾಡಿನ ಮರ್ಯಾದೆ ದೊಡ್ಡದು. ಮುಖದಲ್ಲಿ ಒಂದೆಳೆ ಆಶ್ಚರ್ಯವನ್ನೂ ತೋರಿಸದೆ, "ಬನ್ನಿ ಬನ್ನಿ, ನೀವು ಬಂದಿದ್ದು ಒಳ್ಳೇದೇ ಆಯ್ತು, ಏಣಿ ಹಿಡಿಯೋಕೆ ಒಂದು ಜನ ಬೇಕಿತ್ತು" ಎಂದರು. ಅಂದು ಏಣಿ ಹಿಡಿದೆ. ಮನೆಯವರ ಜೊತೆ ಕೂತು ಒಂದೆಲಗದ ತಂಬುಳಿಯಲ್ಲಿ ಊಟ ಮಾಡಿದೆ. ಮೂರು ದಿನ ಕಳೆದು ಅದೇ ಪಂಚೆ ಉಟ್ಟು ಮತ್ತೆ ಹೋಗಿ ಹೋಳಿಗೆ ಉಂಡೆ. ಊಟ ಎರಡು, ಮುಯ್ಯಿ ಒಂದು.

ಕರೆಯೋಲೆಯಲ್ಲಿ ತಾರೀಕನ್ನು ಅಭಿಮಾನದಿಂದ ಕನ್ನಡ ಅಂಕಿಯಲ್ಲೇ ಹಾಕಿಸಿದ್ದರು: ೧೯. ನಾನು ಓದಿಕೊಂಡದ್ದು ೧೬. ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲ ಯಾವ ಕಡೆಗೆ ಕೊಂಕಿದೆ ಎಂಬುದಷ್ಟೇ. ಈ ಅಂಕಿಗಳನ್ನು ರೂಪಿಸಿದ ಪುಣ್ಯಾತ್ಮರಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ ಎಂದೇ ನನ್ನ ಊಹೆ.

ನಲವತ್ತೆಂದರೆ ಚಾಳೀಸು. ಮರಾಠಿಯ ನಲವತ್ತು ನಮ್ಮಲ್ಲಿಗೆ ಬಂದು ಕನ್ನಡಕವಾಯಿತು. ಬರುವ ಪ್ರಾಯಕ್ಕೆ ಅದೇ ಹೆಸರು, ಬಂದ ತೊಂದರೆಗೆ ಅದೇ ಹೆಸರು, ಮೂಗಿನ ಮೇಲೆ ಏರಿಸಿಕೊಳ್ಳುವ ಮದ್ದಿಗೂ ಅದೇ ಹೆಸರು. ಇಷ್ಟು ಮಿತವ್ಯಯದ ಶಬ್ದ ವೈದ್ಯಶಾಸ್ತ್ರದಲ್ಲಿ ಇನ್ನೊಂದಿಲ್ಲ. ನನಗೆ ಬಂದದ್ದು ನಲವತ್ತೆರಡಕ್ಕೆ. ಮೊದಲು ಹೋದದ್ದು ಒತ್ತಕ್ಷರ. ಇಂಗ್ಲಿಷಿನವರಿಗೆ ಅಕ್ಷರವೆಲ್ಲ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಂತಿರುತ್ತವೆ. ನಮ್ಮಲ್ಲಿ ಮೇಲೆ ದೊಡ್ಡಕ್ಷರ ಕೂತಿದ್ದರೆ ಅದರ ಬುಡದಲ್ಲಿ ಒಂದು ಪುಟ್ಟ ಒತ್ತು ಮರಿಯಂತೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಅರ್ಕಾವತ್ತು ತೂಗುತ್ತಿರುತ್ತದೆ. ಚಾಳೀಸು ಬಂದವನಿಗೆ ಈ ಪರಿವಾರವೆಲ್ಲ ಕಲಸಿದ ಅವಲಕ್ಕಿ. ಕನ್ನಡಕ್ಕೆ ಒಂದು 'ಕ' ಸೇರಿಸಿ ಕನ್ನಡಕ ಅಂದರು ಎಂದು ಶಾಲೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಈಗ ಆ ಕೊನೆಯ 'ಕ' ಇಲ್ಲದೆ ಹಿಂದಿನ ಮೂರಕ್ಷರ ಓದಲಾಗುವುದಿಲ್ಲ.

ಇದು ಯಾಕೆ ಆಗುತ್ತದೆ ಎಂದು ಅರ್ಥಮಾಡಿಕೊಳ್ಳಲು ತೋಟದವರಿಗೆ ಕಷ್ಟವಿಲ್ಲ. ಕಣ್ಣೊಳಗಿನ ಮಸೂರ ಮರದ ಹಾಗೆ ಜೀವನಪೂರ್ತಿ ಬೆಳೆಯುತ್ತದೆ. ಹೊರಗಿನಿಂದ ಪದರದ ಮೇಲೆ ಪದರ ಹೊಸತು ಬರುತ್ತದೆ, ಹಳೆಯದು ಉದುರುವುದಿಲ್ಲ, ಒಳಗೆ ಒತ್ತಿಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ಎಳೆಯದರಲ್ಲಿ ಸುತ್ತಲಿನ ಸ್ನಾಯು ಬಿಗಿದ ಕೂಡಲೇ ಮಸೂರ ಉಬ್ಬಿ ಹತ್ತಿರದ್ದನ್ನು ಹಿಡಿಯುತ್ತದೆ. ಹತ್ತು ವರ್ಷದ ಹುಡುಗ ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿ ಇರುವೆಯ ಕಾಲು ಎಣಿಸಬಲ್ಲ. ನಲವತ್ತರ ಹೊತ್ತಿಗೆ ಅದು ಗೇಣಿಗಿಂತ ಸ್ವಲ್ಪ ಆಚೆ ಹೋಗುತ್ತದೆ. ಅರವತ್ತಕ್ಕೆ ಸುಮಾರು ಒಂದು ಮೀಟರ್. ಎಳೆ ಅಡಿಕೆ ಉಗುರಿಗೆ ಸಿಗುತ್ತದೆ, ಗೋಟಡಿಕೆಗೆ ಕತ್ತಿಯೇ ಬೇಕು. ನನ್ನ ಕಣ್ಣಲ್ಲಿರುವುದು ಗೋಟು.

ದೂರದ್ದಕ್ಕೆ ತೊಂದರೆಯಿಲ್ಲ. ಅದೇ ಇದರ ಕುಚೋದ್ಯ. ಕೊಪ್ಪದ ಸ್ಟ್ಯಾಂಡಿನಲ್ಲಿ ನಿಂತರೆ ತಿರುವಿನಲ್ಲಿ ಕಾಣುವ ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ನಾನೇ ಓದುತ್ತೇನೆ. ಹತ್ತಿ ಕೂತ ಮೇಲೆ ಕೈಯಲ್ಲಿರುವ ಟಿಕೇಟಿನಲ್ಲಿ ಎಷ್ಟು ಬರೆದಿದೆ ಗೊತ್ತಾಗುವುದಿಲ್ಲ. ಸಹಕಾರ ಸಾರಿಗೆ ಓಡುತ್ತಿದ್ದ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಮುಚ್ಚಿಹೋದ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಘ ಅದು. ಕಂಡಕ್ಟರು ನಮ್ಮ ಇಳಿಯುವ ಜಾಗವನ್ನೂ ಕೊಡಬೇಕಾದ ಚಿಲ್ಲರೆಯನ್ನೂ ನಮಗಿಂತ ಚೆನ್ನಾಗಿ ನೆನಪಿಟ್ಟಿರುತ್ತಿದ್ದರು. 2020ರಲ್ಲಿ ಆ ಬಸ್ಸುಗಳು ನಿಂತವು. ನನ್ನ ಚಾಳೀಸಿನ ನಂಬರು ಏರಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎರಡಕ್ಕೂ ಸಂಬಂಧವಿಲ್ಲ, ಆದರೂ ದುಃಖ ಒಟ್ಟಿಗೇ ಆಯಿತು.

ಟಿಕೇಟಿನ ವಿಷಯ ಬಿಡಿ. ಚಳಿಗಾಲ ಕಳೆಯುತ್ತಿದ್ದಂತೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಉಣುಗಿನ ಭಯ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ, ಉಣುಗು ಹರಡುವ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಕ್ಕೂ ಹೊಸತಲ್ಲ. ಸೊಪ್ಪಿಗೋ ದರಗಿಗೋ ಬೆಟ್ಟಕ್ಕೆ ಹೋಗಿ ಬಂದವರು ಬಚ್ಚಲಿನಲ್ಲಿ ಮೈಯೆಲ್ಲ ಹುಡುಕಿಕೊಳ್ಳಬೇಕು. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಬಚ್ಚಲಿನ ಉಗಿಯಲ್ಲಿ ಕನ್ನಡಕ ಹಾಕಿದರೆ ಗಾಜು ಮಂಜು, ತೆಗೆದರೆ ಮೈಯೇ ಮಂಜು. ನನಗೆ ಇಪ್ಪತ್ತು ವರ್ಷದಿಂದ ಇರುವ ಒಂದು ಮಚ್ಚೆಯನ್ನು ಹೋದ ಫೆಬ್ರವರಿಯಲ್ಲಿ ಎರಡು ಸಲ ಕೀಳಲು ನೋಡಿದ್ದೇನೆ.

ಮನೆಯಲ್ಲಿ ಈ ಹುಡುಕಾಟಕ್ಕೆಲ್ಲ ಈಗ ನನ್ನ ಹೆಂಡತಿಯೇ ದಿಕ್ಕು. ಅವಳಿಗೆ ಎಂಟನೇ ಕ್ಲಾಸಿನಿಂದ ದೂರದ್ದು ಕಾಣುವುದಿಲ್ಲ, ಮೈನಸ್ ಕನ್ನಡಕ. ನಾವು ಹೆಣ್ಣು ನೋಡಲು ಹೋದ ದಿನ ಅದನ್ನು ಅವಳ ಅಮ್ಮ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರಂತೆ. ಅವಳು ನನ್ನನ್ನು ಒಂದು ಬಿಳಿಯ ಮಸುಕಾಗಿ ಮಾತ್ರ ನೋಡಿ ಒಪ್ಪಿದಳು, ನಾನು ಅವಳು ಕಾಫಿ ಲೋಟವನ್ನು ಎಷ್ಟು ಜೋಪಾನವಾಗಿ ಕೊಟ್ಟಳು ಎಂದು ಮೆಚ್ಚಿದೆ. ಮದುವೆಯಾದ ಮೊದಲ ಹದಿನೈದು ವರ್ಷ ಅವಳ ಕನ್ನಡಕವನ್ನು ನಾನು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಈಗ ಅವಳ ಸರದಿ. ಮೈನಸ್ ಕಣ್ಣಿನವರಿಗೂ ಮಸೂರ ಗಟ್ಟಿಯಾಗುತ್ತದೆ, ಆದರೆ ಅವರು ಕನ್ನಡಕ ತೆಗೆದರೆ ಸಾಕು, ಹತ್ತಿರದ್ದು ಕಾಣುತ್ತದೆ. ಜಗಲಿಯಲ್ಲಿ ಕೂತು ಕನ್ನಡಕವನ್ನು ಹಣೆಗೆ ಏರಿಸಿ ಅಡಿಕೆ ಆರಿಸುತ್ತಾಳೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅವಳ ಬೆರಳಿನ ಕೆಳಗೆ ತಾವಾಗಿಯೇ ಬೇರೆಯಾಗುತ್ತವೆ. ಔಷಧಿ ಬಾಟ್ಲಿಯ ಮೇಲಿನ ಸೊಳ್ಳೆ ಗಾತ್ರದ ಅಕ್ಷರವನ್ನು ಅಂಗಳಕ್ಕೆ ಕೇಳುವ ಹಾಗೆ ಓದುತ್ತಾಳೆ. ಆ ಉಪನಯನದ ಕಾಗದ ಬಂದ ವಾರ ಅವಳು ತವರಿನಲ್ಲಿದ್ದಳು. ಇದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ನನ್ನದೂ ಬಗೆಬಗೆಯ ಪ್ರಯತ್ನವಾಗಿದೆ. ಮೊದಲು ಜಾತ್ರೆಯ ಚಾಳೀಸು. ಆಮೇಲೆ ಮೇಲರ್ಧ ದೂರಕ್ಕೆ ಕೆಳಗರ್ಧ ಹತ್ತಿರಕ್ಕೆ ಎಂಬ ಬೈಫೋಕಲ್. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ತನ್ನ ಇಂಥ ಜೋಡಿ ಗಾಜಿನ ಕನ್ನಡಕದ ಬಗ್ಗೆ ಗೆಳೆಯನಿಗೆ ಹಿಗ್ಗಿ ಬರೆದಿದ್ದಾನೆ. ಊಟದ ತಟ್ಟೆಯೂ ಕಾಣುತ್ತದೆ, ಎದುರು ಕೂತವರ ಮುಖವೂ ಕಾಣುತ್ತದೆ ಎಂದು ಅವನ ಸಂತೋಷ. ಇರಬಹುದು. ಆದರೆ ಫ್ರಾಂಕ್ಲಿನ್ ಕಾಲುಸಂಕ ದಾಟಿದವನಲ್ಲ. ನಮ್ಮ ತೋಟಕ್ಕೆ ಹೋಗಲು ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರದ ಸಂಕವಿದೆ. ಹೊಸ ಕನ್ನಡಕದಲ್ಲಿ ಅದರ ಮೇಲೆ ನಿಂತು ಕಾಲು ನೋಡಲು ಕಣ್ಣು ಕೆಳಗಿಳಿಸಿದೆ. ಕೆಳಗಿನ ಗಾಜು ಪುಸ್ತಕಕ್ಕೆ ಮಾಡಿದ್ದು, ಪಾದಕ್ಕಲ್ಲ. ಗೆರೆ ದಾಟಿದ ಕೂಡಲೇ ಸಂಕ ಒಂದು ಗೇಣು ಹಾರಿತು. ಎರಡು ಮರ ನಾಲ್ಕಾದವು. ನಾನು ಮೂರನೆಯದನ್ನು ಆರಿಸಿದೆ. ಆಷಾಢದ ಹಳ್ಳ, ಸೊಂಟದ ತನಕ ನೀರು, ಕನ್ನಡಕ ತುಂಗೆಗೆ ಅರ್ಪಣೆ.

ಆಮೇಲೆ ಮೂಗಿನ ತುದಿಯ ಚಾಳೀಸಿಗೇ ವಾಪಸ್ ಬಂದೆ. ಅದರಲ್ಲೂ ಒಂದು ಅಪಾಯವಿದೆ. ಓದುತ್ತಿದ್ದವನು ಅದನ್ನು ತೆಗೆಯದೆ ಎದ್ದು ಕೊಟ್ಟಿಗೆಗೆ ಹೋದರೆ ನಾಲ್ಕು ಮಾರು ದೂರದ ಹಗ್ಗ ಹಾವಾಗುತ್ತದೆ. ಹಗ್ಗದಲ್ಲಿ ಹಾವು ಕಾಣುವ ದೃಷ್ಟಾಂತ ಶೃಂಗೇರಿ ಸೀಮೆಯಲ್ಲಿ ಹುಟ್ಟಿದವರಿಗೆ ಬಾಲಪಾಠ. ಶಾಸ್ತ್ರದಲ್ಲಿ ಅದಕ್ಕೆ ಕಾರಣ ಮಂದ ಬೆಳಕು, ಪರಿಹಾರ ಜ್ಞಾನ. ನನ್ನ ಪ್ರಕರಣದಲ್ಲಿ ಕಾರಣ ಪ್ಲಸ್ ಎರಡೂವರೆ, ಪರಿಹಾರ ಕನ್ನಡಕ ಹಣೆಗೆ ಏರಿಸುವುದು. ಏರಿಸಿ ನೋಡಿದಾಗ ಅದು ನಿಜವಾಗಿಯೂ ಕೇರೆಹಾವೇ ಆಗಿದ್ದ ದಿನವೂ ಇದೆ. ಆ ದೃಷ್ಟಾಂತಕ್ಕೆ ಮಲೆನಾಡಿನಲ್ಲಿ ಒಂದು ಅಡಿಟಿಪ್ಪಣಿ ಬೇಕು.

ಹಿಂದಿನ ಕಾಲದ ವಿದ್ವಾಂಸರು ತಾಳೆಗರಿಯ ಸಣ್ಣ ಅಕ್ಷರಗಳನ್ನು ಪ್ರಾಯ ಸಂದ ಮೇಲೆ ಹೇಗೆ ಓದುತ್ತಿದ್ದರು? ಎಲ್ಲವನ್ನೂ ಎಳವೆಯಲ್ಲೇ ಬಾಯಿಪಾಠ ಮಾಡಿಸುತ್ತಿದ್ದ ಪದ್ಧತಿಯ ಹಿಂದೆ ಈ ಮುಂದಾಲೋಚನೆಯೂ ಇತ್ತೋ ಏನೋ. ಕಣ್ಣು ಕೈಕೊಡುವ ಮೊದಲು ಗ್ರಂಥವನ್ನೆಲ್ಲ ತಲೆಗೆ ಸಾಗಿಸಿಬಿಡುವುದು. ವಿಜಯನಗರದ ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದರೆಂಬ ವರ್ಣನೆ ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಲ್ಲಿದೆ. ಹದಿನಾರನೇ ಶತಮಾನದ ಮಾತು ಅದು. ಇತಿಹಾಸಕಾರ ಪಿ. ಕೆ. ಗೋಡೆ ಅವರು ಭಾರತದಲ್ಲಿ ಕನ್ನಡಕದ ಕಥೆ ಬರೆಯುವಾಗ ಇದನ್ನು ಎತ್ತಿ ತೋರಿಸಿದ್ದಾರೆ. ದ್ವೈತಿಗಳು ಈ ಒಂದು ವಿಷಯದಲ್ಲಿ ನಮಗಿಂತ ಮುಂದಿದ್ದರೆಂದು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ.

ಹೀಗಿರುವಾಗ ಬೆಂಗಳೂರಿನ ಅಳಿಯ ಫೋನ್ ಮಾಡಿದ. "ಮಾವ, ಕಣ್ಣೊಳಗಿನ ಲೆನ್ಸನ್ನೇ ತೆಗೆದು ಬೇರೆ ಹಾಕ್ತಾರೆ. ಹತ್ರ, ದೂರ ಎರಡೂ ಕಾಣತ್ತೆ. ಹತ್ತು ನಿಮಿಷದ ಕೆಲಸ. ಚಾಳೀಸು ಒಲೆಗೆ ಹಾಕಿ." ಇದಕ್ಕೂ ಮೊದಲು ಅವನೇ ಕಣ್ಣಿಗೆ ಬಿಡುವ ಹನಿಯೊಂದರ ಸುದ್ದಿ ಕಳಿಸಿದ್ದ. ಪಾಪೆಯ ತೂತನ್ನು ಕಿರಿದು ಮಾಡಿ ಹತ್ತಿರದ್ದನ್ನು ಕಾಣಿಸುವ ಮದ್ದು. ಬಿಸಿಲಿಗೆ ಹಿಡಿದು ಓದಿದರೆ ಪಾಪೆ ತಾನೇ ಕಿರಿದಾಗಿ ಅಕ್ಷರ ಸ್ಪಷ್ಟವಾಗುವುದಿಲ್ಲವೇ, ಅದೇ ತತ್ತ್ವ. ಮುಂಬಯಿಯ ಕಂಪನಿಯೊಂದರ ಅಂಥ ಹನಿಗೆ 2024ರ ಆಗಸ್ಟಿನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು, ಪ್ರಚಾರ ಅತಿಯಾಯಿತೆಂದು ಸೆಪ್ಟೆಂಬರಿನಲ್ಲಿ ತಡೆಯೂ ಬಿತ್ತು. ನಾನು ಕೊಪ್ಪದ ಮೆಡಿಕಲ್ಲಿನಲ್ಲಿ ಕೇಳುವಷ್ಟರಲ್ಲಿ ಎರಡೂ ಆಗಿಹೋಗಿತ್ತು.

ಲೆನ್ಸಿನ ಕಥೆ ಹಾಗಲ್ಲ, ಅದಕ್ಕೆ ವಂಶಾವಳಿಯಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಹೊದಿಕೆ ಸಿಡಿದು ಚೂರುಗಳು ಪೈಲಟ್ಟರ ಕಣ್ಣೊಳಗೆ ಹೊಕ್ಕವು. ಕಣ್ಣು ಅವನ್ನು ಸಹಿಸಿಕೊಂಡು ತೆಪ್ಪಗಿದ್ದದ್ದನ್ನು ಇಂಗ್ಲೆಂಡಿನ ಡಾ. ಹೆರಾಲ್ಡ್ ರಿಡ್ಲಿ ಗಮನಿಸಿದ. ಅದೇ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ಕಣ್ಣಿಗೆ ಕೂರಿಸಿದ. ಮಸೂರದ ಲೆಕ್ಕ ತಪ್ಪಿ ಆ ತಾಯಿಗೆ ವಿಪರೀತ ಮೈನಸ್ ಬಂತು. ಹತ್ತಿರದ್ದನ್ನು ಕಾಣಿಸುವ ಲೆನ್ಸಿನ ಮೂಲಪುರುಷ ದೂರದ್ದು ಕಾಣದ ಹಾಗೆ ಮಾಡಿದ. ಆದರೂ ಕಣ್ಣೊಳಗೆ ಲೆನ್ಸ್ ನಿಂತಿತು. ಈಗಿನದು ಆರು ಮಿಲಿಮೀಟರಿನ ಮೆತ್ತನೆಯ ಬಿಲ್ಲೆ, ಎರಡು ಪುಟ್ಟ ಕೈಗಳಿರುತ್ತವೆ. ಎರಡೂವರೆ ಮಿಲಿಮೀಟರಿನ ಸೀಳಿನಲ್ಲಿ ಸುರುಳಿ ಸುತ್ತಿ ತೂರಿಸಿದರೆ ಒಳಗೆ ತಾನೇ ಅರಳಿ ಕೈಚಾಚಿ ಕೂರುತ್ತದೆ. ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೊಲ್ಯಾಬ್ ಕಟ್ಟಿ ಇಲ್ಲೇ ತಯಾರಿಸಲು ತೊಡಗಿದ ಮೇಲೆ ಬೆಲೆ ಇಳಿದು, ಬಡವರ ಕಣ್ಣಿಗೂ ಲೆನ್ಸು ಬಂತು.

ನಮ್ಮ ಅಜ್ಜಿಗೆ ಅದು ಇರಲಿಲ್ಲ. ಅವರ ಪೊರೆ ತೆಗೆದದ್ದು ಶಿಬಿರಗಳ ಕಾಲದಲ್ಲಿ. ಆ ಕಾಲ ಅಂದರೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಕಾಲ, ಊರೂರು ತಿರುಗಿ ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರದು, ಒಟ್ಟು ಆರು ಲಕ್ಷಕ್ಕೂ ಮೀರಿದ ಆಪರೇಷನ್ನು. ಆಗ ಪೊರೆಯ ಜೊತೆ ಮಸೂರವೂ ಹೋಗುತ್ತಿತ್ತು, ಬದಲಿಗೆ ಸೋಡಾ ಬಾಟ್ಲಿ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಭಾಗ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅಜ್ಜಿ ಬಡಿಸುವ ಮಜ್ಜಿಗೆ ಎಲೆಯ ಈಚೆ ಬೀಳುತ್ತಿತ್ತು. ಮೊಮ್ಮಕ್ಕಳ ಕೆನ್ನೆ ಹಿಂಡಲು ಚಾಚಿದ ಕೈ ಗಾಳಿಯನ್ನು ಹಿಂಡುತ್ತಿತ್ತು. ನಮಗೆಲ್ಲ ತಪ್ಪಿಸಿಕೊಳ್ಳಲು ಅನುಕೂಲ. ಆದರೆ ಸೊಸೆಯಂದಿರು ಕೊಟ್ಟ ಹೋಳಿಗೆಯೂ ದೊಡ್ಡದಾಗಿಯೇ ಕಂಡು, ಸಾಕು ಸಾಕು ಅನ್ನುತ್ತಿದ್ದರು. ಅಜ್ಜಿ ಕಡೆಗಾಲದಲ್ಲಿ ತೆಳ್ಳಗಾದದ್ದಕ್ಕೆ ಇದೂ ಒಂದು ಕಾರಣ ಎಂದು ಅಪ್ಪಯ್ಯ ಹೇಳುತ್ತಿದ್ದರು.

ಅಳಿಯ ಹೇಳಿದ ತರದ ಲೆನ್ಸನ್ನು ನಮ್ಮಲ್ಲಿ ಮೊದಲು ಹಾಕಿಸಿಕೊಂಡವರು ನರಸಿಂಹರಾಜಪುರದ ಭಾವ. ಪೊರೆ ಬಂದಿತ್ತು, ಹೇಗೂ ತೆಗೆಯಬೇಕಿತ್ತು, ದುಬಾರಿಯದನ್ನೇ ಹಾಕಿಸಿದರು. ನೋಡಿಕೊಂಡು ಬರೋಣವೆಂದು ಹೋದೆ. ಮನೆಯ ಹಿಂದೆಯೇ ಭದ್ರಾ ಹಿನ್ನೀರು. ಭಾವ ಚಾವಡಿಯಲ್ಲಿ ಬರಿಗಣ್ಣಲ್ಲಿ ಪೇಪರು ಓದುತ್ತಿದ್ದರು. ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಸಂಜೆ ಕತ್ತಲಾಗುತ್ತಿದ್ದಂತೆ ಅವರೇ ಪಿಸುಮಾತಿನಲ್ಲಿ ಹೇಳಿದರು: "ಒಂದೇ ತಾಪತ್ರಯ ಮಾರಾಯ. ರಾತ್ರಿ ಯಾವ ದೀಪ ನೋಡಿದ್ರೂ ಸುತ್ತ ಪ್ರಭಾವಳಿ. ಎದುರಿಂದ ಬರೋ ಮರಳಿನ ಲಾರಿಗೂ ಪ್ರಭಾವಳಿ. ಕೈಮುಗಿಬೇಕು ಅನ್ನಿಸ್ತದೆ." ಅದು ಹಾಗೆಯೇ. ಆ ಲೆನ್ಸು ಬೆಳಕನ್ನು ಪಾಲು ಮಾಡುತ್ತದೆ, ಸ್ವಲ್ಪ ಹತ್ತಿರಕ್ಕೆ, ಸ್ವಲ್ಪ ದೂರಕ್ಕೆ. ಪಾಲಾದ ಆಸ್ತಿಯಲ್ಲಿ ಯಾರಿಗೂ ಪೂರ್ತಿ ಸಿಗುವುದಿಲ್ಲ. ಮಬ್ಬಿನಲ್ಲಿ ಬಣ್ಣ ಸ್ವಲ್ಪ ಪೇಲವ, ದೀಪಕ್ಕೆ ಉಂಗುರ. ಕೆಲವು ತಿಂಗಳಲ್ಲಿ ಹೆಚ್ಚಿನವರ ಮಿದುಳು ಹೊಂದಿಕೊಳ್ಳುತ್ತದೆ. ಭಾವನ ಮಿದುಳು ಯಾವುದಕ್ಕೂ ಬೇಗ ಹೊಂದಿಕೊಂಡದ್ದಲ್ಲ.

ಇನ್ನೊಂದು ದಾರಿಯೂ ಇದೆಯಂತೆ, ಒಂದು ಕಣ್ಣಿಗೆ ದೂರದ ಲೆನ್ಸು, ಇನ್ನೊಂದಕ್ಕೆ ಹತ್ತಿರದ್ದು. ಇದು ಶುದ್ಧ ದ್ವೈತ. ಭಾವನದು ಒಂದರೊಳಗೇ ಎರಡೂ ಇದ್ದು ಯಾವುದೂ ಪೂರ್ತಿಯಲ್ಲದ್ದು, ಅದಕ್ಕೆ ತಕ್ಕ ಮತದ ಹೆಸರು ಹೇಳಿ ಪೆಟ್ಟು ತಿನ್ನಲಾರೆ. ಅದ್ವೈತ ಇದ್ದದ್ದು ಮೂವತ್ತು ವರ್ಷದವರೆಗಿನ ಕಣ್ಣಿನಲ್ಲಿ ಮಾತ್ರ. ಆಗ ಹತ್ತಿರ ದೂರ ಎಂಬ ಭೇದವೇ ಗೊತ್ತಿರಲಿಲ್ಲ.

ಅಷ್ಟೆಲ್ಲ ಯೋಚನೆಯಾದ ಮೇಲೆ ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರ ಎದುರು ಕೂತೆ. ದೀಪ ಬಿಟ್ಟು ನೋಡಿದರು. ನನಗೆ ಹೇಳಿದ ದರವನ್ನು ನಾನು ತಕ್ಷಣ ಅಡಿಕೆಗೆ ಪರಿವರ್ತಿಸಿಕೊಂಡೆ. ಒಂದು ಕಣ್ಣಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ರಾಶಿ. ಎಲೆಚುಕ್ಕಿ ರೋಗದ ಈ ಕಾಲದಲ್ಲಿ! ಆದರೂ ಧೈರ್ಯ ಮಾಡಿ "ಮಾಡಿ" ಎಂದೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ನಿಮ್ಮ ಲೆನ್ಸು ಇನ್ನೂ ಸ್ವಚ್ಛ ಇದೆ. ಪೊರೆ ಇಲ್ಲ. ಸೋರದ ಮಾಡಿನ ಹೆಂಚು ಯಾರಾದ್ರೂ ತೆಗೀತಾರಾ?"

"ತೆಗೆಯುವವರು ಇದ್ದಾರಂತಲ್ಲ?"

"ಇದ್ದಾರೆ. ತುಂಬ ಜನಕ್ಕೆ ಚೆನ್ನಾಗೇ ಆಗಿದೆ. ಆದ್ರೆ ತೆಗೆದ್ಮೇಲೆ ನಿಮ್ಮದು ನಿಮಗೆ ವಾಪಸ್ ಬರಲ್ಲ. ಸೋಂಕು, ಹಿಂದಿನ ಪರದೆ ಬಿಚ್ಚಿಕೊಳ್ಳೋದು, ಅಪರೂಪ, ಆದ್ರೂ ಆಗತ್ತೆ. ನೀವು ರಾತ್ರಿ ಗಾಡಿ ಓಡಿಸ್ತೀರಾ?"

ಓಡಿಸುತ್ತೇನೆ. ಮಳೆಗಾಲದಲ್ಲಿ, ಮಂಜಿನಲ್ಲಿ, ಜಯಪುರದ ತಿರುವುಗಳಲ್ಲಿ. ಅಲ್ಲಿ ಪ್ರತಿ ದೀಪಕ್ಕೂ ಪ್ರಭಾವಳಿ ಬಂದರೆ ಕೈಮುಗಿಯಲು ಸ್ಟೇರಿಂಗ್ ಬಿಡಬೇಕಾಗುತ್ತದೆ.

"ಕಾಯಿರಿ," ಎಂದರು ಡಾಕ್ಟರು. "ಹೇಗೂ ಪೊರೆ ಬರತ್ತೆ. ಆಗ ಲೆನ್ಸು ಹಾಕಲೇಬೇಕಲ್ಲ, ಯಾವುದು ಅಂತ ಆಗ ನೋಡೋಣ." ಅಜ್ಜಿಯ ಕಾಲದಲ್ಲಿ ಪೊರೆ ಬಲಿತು ಗೋಟಾಗಲಿ ಎಂದು ವರ್ಷಗಟ್ಟಲೆ ಕಾಯಿಸುತ್ತಿದ್ದರು. ಈಗ ಹಸ ಇರುವಾಗಲೇ ಕೊಯ್ಯುತ್ತಾರೆ. ನಾನು ಹಿಂಗಾರಕ್ಕೇ ಕತ್ತಿ ಹಾಕಲು ಹೊರಟಿದ್ದೆ.

ಹಾಗಾಗಿ ಸದ್ಯಕ್ಕೆ ಪೊರೆಯ ದಾರಿ ಕಾಯುತ್ತಿದ್ದೇನೆ. ಮನೆಯಲ್ಲಿ ಐದು ಚಾಳೀಸು ಇವೆ. ಒಂದು ದೇವರ ಮನೆಯಲ್ಲಿ, ಒಂದು ಜಗಲಿಯಲ್ಲಿ, ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದ ಡಬ್ಬಿಯಲ್ಲಿ, ಒಂದು ಗಾಡಿಯಲ್ಲಿ. ಐದನೆಯದನ್ನು ಹುಡುಕಲು ಉಳಿದ ನಾಲ್ಕರಲ್ಲಿ ಒಂದು ಬೇಕು. ಮದುವೆಯ ಕಾಲ ಮತ್ತೆ ಬರುತ್ತಿದೆ, ಹೆಂಡತಿಯೂ ಯಾವಾಗಲೂ ಮನೆಯಲ್ಲೇ ಇರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ನೆಂಟರಲ್ಲಿ, ಇಷ್ಟರಲ್ಲಿ ನನ್ನನ್ನು ಕರೆಯುವ ಯೋಚನೆ ಇರುವವರಲ್ಲಿ ಒಂದು ವಿನಂತಿ: ಕನ್ನಡ ಅಂಕಿಯಲ್ಲೇ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹತ್ತೊಂಬತ್ತು' ಎಂದೂ ಅಚ್ಚು ಹಾಕಿಸಿ. ಇಲ್ಲವಾದರೆ ಮೂರು ದಿನ ಮೊದಲೇ ಏಣಿ ತೆಗೆದಿಟ್ಟಿರಿ.